ಒಂದೇ ಅಳತೆಯ ರೆಕ್ಕೆ, ಎರಡು ಸ್ವಭಾವ: ಕಿಟ್ ವಿಮಾನಗಳನ್ನು ಹೋಲಿಸುವ ಬಗೆ

ಮನೆಯಲ್ಲೇ ಜೋಡಿಸುವ ಕಿಟ್ ವಿಮಾನಗಳನ್ನು ಹೋಲಿಸಲು ಕುಳಿತಾಗ ನಮ್ಮ ಉಡುಪಿಯ ಅಧ್ಯಯನ ಗುಂಪಿನ ಎಲ್ಲರ ಕಣ್ಣೂ ಗರಿಷ್ಠ ವೇಗದ ಮೇಲೆಯೇ ಬಿದ್ದಿತ್ತು. ನೀವು ಸ್ಟಾಲ್ ವೇಗದಿಂದ ಆರಂಭಿಸಿ. ರೆಕ್ಕೆಯು ವಿಮಾನದ ಭಾರವನ್ನು ಹೊರಬಲ್ಲ ಅತಿ ಕಡಿಮೆ ವೇಗ ಅದು. ಇಳಿಯುವ ವೇಗವೂ ಬೇಕಾಗುವ ರನ್‌ವೇಯ ಉದ್ದವೂ ಅದನ್ನೇ ಅವಲಂಬಿಸಿವೆ.

ಜೆನಿತ್ ಸಿಎಚ್ 701 ಮತ್ತು ವ್ಯಾನ್ಸ್ ಆರ್‌ವಿ-7 ಎರಡನ್ನೂ ಪಕ್ಕಪಕ್ಕ ಇಡೋಣ. ಎರಡೂ ಅಲ್ಯೂಮಿನಿಯಂನವು, ಎರಡರಲ್ಲೂ ಎರಡೇ ಆಸನ. ರೆಕ್ಕೆಯ ವಿಸ್ತೀರ್ಣ 11.3 ಮತ್ತು 11.2 ಚದರ ಮೀಟರ್, ಅಂದರೆ ಹೆಚ್ಚುಕಡಿಮೆ ಒಂದೇ. ಆದರೆ ಪೂರ್ಣ ಭಾರ 701ಕ್ಕೆ ಸುಮಾರು 500 ಕಿಲೋ, ಆರ್‌ವಿ-7ಕ್ಕೆ 816 ಕಿಲೋ. ಹಾಗಾಗಿ ಪ್ರತಿ ಚದರ ಮೀಟರ್ ರೆಕ್ಕೆಯ ಮೇಲಿನ ಹೊರೆ 44 ಮತ್ತು 73 ಕಿಲೋ. ತಯಾರಕರು ಹೇಳುವ ಸ್ಟಾಲ್ ವೇಗ ಗಂಟೆಗೆ 48 ಮತ್ತು 93 ಕಿಲೋಮೀಟರ್.

ಸ್ಟಾಲ್ ವೇಗದ ವರ್ಗವು ಈ ಹೊರೆಗೆ ನೇರ ಅನುಪಾತದಲ್ಲಿಯೂ ಗರಿಷ್ಠ ಲಿಫ್ಟ್ ಗುಣಾಂಕಕ್ಕೆ (ರೆಕ್ಕೆಯ ಆಕಾರ ಎಷ್ಟು ಚೆನ್ನಾಗಿ ಮೇಲಕ್ಕೆತ್ತುತ್ತದೆ ಎಂದು ತಿಳಿಸುವ ಸಂಖ್ಯೆಗೆ) ವಿಲೋಮ ಅನುಪಾತದಲ್ಲಿಯೂ ಇರುತ್ತದೆ. 73ನ್ನು 44ರಿಂದ ಭಾಗಿಸಿ ವರ್ಗಮೂಲ ತೆಗೆದರೆ ಸುಮಾರು 1.29. ಹೊರೆಯೊಂದೇ ಕಾರಣವಾಗಿದ್ದರೆ ಆರ್‌ವಿ-7 ಗಂಟೆಗೆ 62 ಕಿಲೋಮೀಟರ್‌ನಲ್ಲೇ ಸ್ಟಾಲ್ ಆಗಬೇಕಿತ್ತು. ಉಳಿದ ಅಂತರ ರೆಕ್ಕೆಯ ಆಕಾರದ್ದು. 701ರ ವಿನ್ಯಾಸಕಾರ ಕ್ರಿಸ್ ಹೈನ್ಟ್ಸ್ ದಪ್ಪನೆಯ ರೆಕ್ಕೆಯ ಮುಂದೆ ಸ್ಥಿರವಾದ ಸ್ಲ್ಯಾಟ್, ಅಂದರೆ ಸಂದಿ ಬಿಟ್ಟು ಕೂರಿಸಿದ ಕಿರಿದಾದ ಪಟ್ಟಿ, ಇಟ್ಟರು. ಅದರ ಸಂದಿಯಲ್ಲಿ ನುಗ್ಗುವ ಗಾಳಿ, ಮೂತಿ ಬಹಳ ಮೇಲಕ್ಕೆ ಎದ್ದಾಗಲೂ ರೆಕ್ಕೆಯ ಬೆನ್ನಿಗೆ ಅಂಟಿಕೊಂಡೇ ಹರಿಯುತ್ತದೆ. ವೇಗವಾಗಿ ಹಾರುವಾಗ ಅದೇ ಸ್ಲ್ಯಾಟ್ ಗಾಳಿಗೆ ಅಡ್ಡಿ.

ಇಲ್ಲಿ ಒಂದು ಎಚ್ಚರಿಕೆ. 48ನ್ನು ಸೂತ್ರಕ್ಕೆ (ಭಾರ = ½ × ಗಾಳಿಯ ಸಾಂದ್ರತೆ × ವೇಗದ ವರ್ಗ × ವಿಸ್ತೀರ್ಣ × ಲಿಫ್ಟ್ ಗುಣಾಂಕ) ಹಾಕಿದರೆ ಲಿಫ್ಟ್ ಗುಣಾಂಕ ಸುಮಾರು 4 ಬರುತ್ತದೆ. ಸ್ಲ್ಯಾಟ್ ಇದ್ದರೂ ಇದು ವಿಪರೀತ. ಪೂರ್ಣ ಭಾರದಲ್ಲಿ, ಇಂಜಿನ್‌ನ ನೆರವಿಲ್ಲದೆ ಸಿಗುವ ಅಂಕಿ ಇದಲ್ಲ ಎಂಬುದು ನನ್ನ ತೀರ್ಮಾನ. ಮಾರಾಟದ ಪಟ್ಟಿಯ ಪ್ರತಿ ಸಂಖ್ಯೆಯನ್ನೂ ಹೀಗೆ ಸೂತ್ರಕ್ಕೆ ಒಡ್ಡಿ ನೋಡಿ.

701ಕ್ಕೆ ಗಂಟೆಗೆ 60 ಕಿಲೋಮೀಟರ್ ಎಂದೇ ಇಟ್ಟುಕೊಂಡರೂ, ಸ್ಟಾಲ್ ವೇಗದಲ್ಲಿ ಆರ್‌ವಿ-7ರ ಚಲನಶಕ್ತಿ ಅದರ ಸುಮಾರು ನಾಲ್ಕು ಪಟ್ಟು. ಇಂಜಿನ್ ಕೈಕೊಟ್ಟು ನಮ್ಮ ಬೈಲಿನ ಗದ್ದೆಯೊಂದರಲ್ಲಿ, ಮುಂದೆ ಕಟ್ಟಪುಣಿ (ಗದ್ದೆಯ ಬದು), ಅದರಾಚೆ ತೆಂಗಿನ ತೋಟ ಇರುವಲ್ಲಿ ಇಳಿಯುವುದನ್ನು ಊಹಿಸಿಕೊಳ್ಳಿ. ಆ ನಾಲ್ಕು ಪಟ್ಟು ಏನೆಂದು ಆಗ ತಿಳಿಯುತ್ತದೆ. ಆರ್‌ವಿ-7 ಕೊಡುವುದೂ ಕಡಿಮೆಯೇನಲ್ಲ: ಗಂಟೆಗೆ 300 ಕಿಲೋಮೀಟರ್ ದಾಟುವ ಪಯಣದ ವೇಗ, ಭಾರ ಇಳಿಸಿಕೊಂಡರೆ 6 ಜಿ (ಗುರುತ್ವದ ಆರು ಪಟ್ಟು) ವರೆಗಿನ ಆಕಾಶದ ಕಸರತ್ತು.

ಕಟ್ಟುವ ಕೆಲಸದಲ್ಲಿ 701ರದ್ದು ಒಬ್ಬರೇ ಎಳೆದು ಕೂರಿಸುವ ರಿವೆಟ್. ಆರ್‌ವಿ-7ರ ಬಹುಪಾಲು ರಿವೆಟ್‌ಗಳಿಗೆ ಒಬ್ಬರು ಬಡಿಯಬೇಕು, ಹಿಂದೆ ಇನ್ನೊಬ್ಬರು ಕಬ್ಬಿಣದ ಅಚ್ಚು ಒತ್ತಿ ಹಿಡಿಯಬೇಕು. ಕಡಲ ಉಪ್ಪುಗಾಳಿಗೆ 701ರ 6061 ಮಿಶ್ರಲೋಹ ಚೆನ್ನಾಗಿ ತಾಳುತ್ತದೆ. ಆರ್‌ವಿಯ 2024 ಎಂಬ ಮಿಶ್ರಲೋಹದ ಹಾಳೆಗೆ ಶುದ್ಧ ಅಲ್ಯೂಮಿನಿಯಂನ ಹೊದಿಕೆ ಇದ್ದರೂ ಕತ್ತರಿಸಿದ ಅಂಚು, ಕೊರೆದ ರಂಧ್ರಗಳು ಬರಿದಾಗಿರುತ್ತವೆ. ನಮ್ಮೂರಿನಲ್ಲಿ ಪ್ರೈಮರ್ ಹಚ್ಚದೆ ಜೋಡಿಸುವ ಮಾತೇ ಬೇಡ.

ವಿನ್ಯಾಸಕಾರ ಬರ್ಟ್ ರುಟಾನ್ ಅವರ ಲಾಂಗ್-ಈಜಿ ಬೇರೆಯೇ ದಾರಿ ಹಿಡಿದ ವಿಮಾನ. ಅದು ನಕ್ಷೆ ಕೊಂಡು ಕಟ್ಟುವಂಥದ್ದು. ನಕ್ಷೆಯ ಮಾರಾಟ 1985ರಲ್ಲಿ ನಿಂತಿತು. ಬಿಸಿ ತಂತಿಯಿಂದ ಕತ್ತರಿಸಿದ ಫೋಮ್ ಮೇಲೆ ಗಾಜಿನ ನಾರಿನ ಬಟ್ಟೆ ಹೊದಿಸುತ್ತಾರೆ. ಮಲ್ಪೆಯಲ್ಲಿ ಫೈಬರ್ ದೋಣಿ ಕಟ್ಟುವುದನ್ನು ನೋಡಿದವರಿಗೆ ಇದು ಪರಿಚಿತ ಎನಿಸಬಹುದು, ಆದರೆ ದೋಣಿಯ ಪಾಲಿಯೆಸ್ಟರ್ ರಾಳವನ್ನು ಇಲ್ಲಿ ಹಚ್ಚಿದರೆ ರೆಕ್ಕೆಯ ಪಾಲಿಸ್ಟೈರೀನ್ ಫೋಮ್ ಕರಗಿಹೋಗುತ್ತದೆ. ಎಪಾಕ್ಸಿಯೇ ಆಗಬೇಕು. ಅದೂ ಆಟಿಯ ಮಳೆಯ ತೇವದಲ್ಲಿ ಬೇಡ: ಮೇಲ್ಮೈಯಲ್ಲಿ ಮೇಣದಂಥ ಪದರ ಕಟ್ಟಿದರೆ ಮುಂದಿನ ಪದರ ಹಿಡಿಯುವುದಿಲ್ಲ.

ಅಭ್ಯಾಸಕ್ಕೆ ಆರ್‌ವಿ-9 ತೆಗೆದುಕೊಳ್ಳಿ. ವಿಸ್ತೀರ್ಣ 11.5 ಚದರ ಮೀಟರ್, ಪೂರ್ಣ ಭಾರ 794 ಕಿಲೋ, ಸ್ಟಾಲ್ ವೇಗ ಗಂಟೆಗೆ 80 ಕಿಲೋಮೀಟರ್. ಆರ್‌ವಿ-7ಕ್ಕಿಂತ ಇದು ಕಡಿಮೆಯಾದದ್ದರಲ್ಲಿ ಹೊರೆಯ ಪಾಲೆಷ್ಟು, ರೆಕ್ಕೆಯ ಆಕಾರದ ಪಾಲೆಷ್ಟು ಎಂದು ಬೇರ್ಪಡಿಸಿ.