ಮುಖ ಬಿಡಿ, ಬೆಟ್ ನೋಡಿ

ಪೋಕರ್ ಕಲಿಯಲು ಬರುವವರು ನನ್ನನ್ನು ಮೊದಲು ಕೇಳುವುದು ಒಂದೇ ಪ್ರಶ್ನೆ. ‘ಎದುರಿನವರು ಬ್ಲಫ್ ಮಾಡ್ತಿದ್ದಾರೆ ಅಂತ ಮುಖ ನೋಡಿ ಹೇಗೆ ಹೇಳೋದು ಸರ್?’ ಬ್ಲಫ್ ಅಂದರೆ ಎಲೆ ಚೆನ್ನಾಗಿಲ್ಲದಿದ್ದರೂ ಚೆನ್ನಾಗಿದೆ ಎಂಬಂತೆ ಬೆಟ್ ಕಟ್ಟುವುದು. ಮುಖ ನೋಡಿ ಅದನ್ನು ಹೇಳಲು ಆಗುವುದಿಲ್ಲ. ಹೇಳಲು ಆದರೂ ಅದು ತೀರ ಅಪರೂಪ. 2013ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರು ಇದನ್ನೇ ಪರೀಕ್ಷಿಸಿದರು. ದೊಡ್ಡ ಟೂರ್ನಿಯಲ್ಲಿ ಆಟಗಾರರು ಬೆಟ್ ಕಟ್ಟುವ ವಿಡಿಯೊಗಳನ್ನು ವಿದ್ಯಾರ್ಥಿಗಳಿಗೆ ತೋರಿಸಿ, ಅವರ ಎಲೆ ಚೆನ್ನಾಗಿದೆಯೋ ಇಲ್ಲವೋ ಊಹಿಸಿ ಎಂದರು. ಬರೀ ಮುಖ ನೋಡಿದವರ ಊಹೆ ಕೈಕೊಟ್ಟಿತು. ಬರೀ ತೋಳು, ಕೈ ನೋಡಿದವರು ಅದಕ್ಕಿಂತ ಚೆನ್ನಾಗಿ ಊಹಿಸಿದರು. ಚಿಪ್ಸ್ (ಹಣದ ಬದಲು ಕಟ್ಟುವ ಬಿಲ್ಲೆಗಳು) ಸಲೀಸಾಗಿ ತಳ್ಳುವ ಕೈಯಲ್ಲಿ ಸ್ವಲ್ಪ ಸುಳಿವು ಇರುತ್ತದೆ.

ಆದರೆ ಆ ಕೈಗಿಂತ ನೂರು ಪಾಲು ಜಾಸ್ತಿ ಹೇಳುವುದು ಬೆಟ್. ಯಾವಾಗ ಕಟ್ಟಿದರು, ಎಷ್ಟು ಕಟ್ಟಿದರು, ಎಲ್ಲಿ ಸುಮ್ಮನಾದರು. ನಮ್ಮಲ್ಲಿ ರಮ್ಮಿ ಚೆನ್ನಾಗಿ ಆಡುವವರಿಗೆ ಇದು ಹೊಸದೇನಲ್ಲ. ಪಕ್ಕದವರು ಯಾವ ಎಲೆ ಎತ್ತಿಕೊಂಡರು, ಯಾವುದನ್ನು ಬಿಸಾಡಿದರು ಎಂದು ನೋಡಿ ಅವರ ಕೈಯಲ್ಲಿ ಏನು ಕೂಡುತ್ತಿದೆ ಎಂದು ಲೆಕ್ಕ ಹಾಕುತ್ತೀರಿ ಅಲ್ವಾ? ಪೋಕರ್‌ನಲ್ಲೂ ಹಾಗೆಯೇ. ಮೊದಲು ಎಲ್ಲ ಎಲೆಗಳೂ ಸಾಧ್ಯ. ಒಂದೊಂದು ಬೆಟ್ ಆದಂತೆ ಒಂದಿಷ್ಟು ಹೊಡೆದು ಹಾಕುತ್ತೀರಿ. ಕೊನೆಗೆ ಉಳಿದದ್ದೇ ಅವರ ರೇಂಜ್. ‘ಅವರ ಹತ್ತಿರ ಎಕ್ಕದ ಜೋಡಿ ಇದೆ’ ಎಂದು ಒಂದೇ ಕೈಗೆ, ಅಂದರೆ ಒಂದೇ ಎಲೆ ಜೋಡಿಗೆ, ಅಂಟಿಕೊಂಡು ಕೂರುವುದು ಹೊಸಬರ ಅಭ್ಯಾಸ. ಅದನ್ನು ಬಿಡಿಸಲು ನನಗೆ ತುಂಬ ಸಮಯ ಹಿಡಿಯುತ್ತದೆ.

ಉದಾಹರಣೆಗೆ ನಾನು ಯಾವಾಗಲೂ ಎತ್ತಿಕೊಳ್ಳುವುದು 2003ರ ಒಂದು ಕೈ, ಅಂದರೆ ಒಂದು ಸುತ್ತಿನ ಆಟ. ಲಾಸ್ ವೇಗಸ್‌ನ ಬಿನಿಯನ್ಸ್ ಹಾರ್ಸ್‌ಶೂ ಕ್ಯಾಸಿನೊದಲ್ಲಿ ವರ್ಲ್ಡ್ ಸೀರೀಸ್ ಆಫ್ ಪೋಕರ್‌ನ ಮುಖ್ಯ ಟೂರ್ನಿ. 839 ಜನರಲ್ಲಿ ಉಳಿದವರು ಇಬ್ಬರು. ಒಬ್ಬರು ಕ್ರಿಸ್ ಮನಿಮೇಕರ್, ಟೆನೆಸಿಯ ಅಕೌಂಟೆಂಟ್. 86 ಡಾಲರ್‌ನ ಆನ್‌ಲೈನ್ ಟೂರ್ನಿಯಿಂದ ಶುರು ಮಾಡಿ, 10,000 ಡಾಲರ್ ಪ್ರವೇಶ ಶುಲ್ಕದ ಆಟಕ್ಕೆ ಬಂದವರು. ಎದುರಿಗೆ ಸ್ಯಾಮಿ ಫರ್ಹಾ, ಅನುಭವಿ ವೃತ್ತಿಪರ ಆಟಗಾರ. ಗೆದ್ದವರಿಗೆ 25 ಲಕ್ಷ ಡಾಲರ್.

ಆಟ ಟೆಕ್ಸಾಸ್ ಹೋಲ್ಡೆಮ್. ತಲಾ ಎರಡು ಗುಟ್ಟಿನ ಎಲೆ, ಟೇಬಲ್ ಮೇಲೆ ಎಲ್ಲರಿಗೂ ಸೇರಿದ ಐದು ಎಲೆ. ಮನಿಮೇಕರ್ ಕೈಯಲ್ಲಿ ಇಸ್ಪೀಟ್ ರಾಜ, ಆಟೀನ್ ಏಳು. ಫರ್ಹಾ ಕೈಯಲ್ಲಿ ಇಸ್ಪೀಟ್ ರಾಣಿ, ಆಟೀನ್ ಒಂಬತ್ತು. ಮೊದಲ ಮೂರು ಎಲೆ, ಅಂದರೆ ಫ್ಲಾಪ್, ಬಂತು: ಇಸ್ಪೀಟ್ ಒಂಬತ್ತು, ಡೈಮಂಡ್ ಎರಡು, ಇಸ್ಪೀಟ್ ಆರು. ಫರ್ಹಾಗೆ ಒಂಬತ್ತರ ಜೋಡಿ ಸಿಕ್ಕಿತು. ಇಬ್ಬರೂ ಚೆಕ್ ಮಾಡಿದರು, ಅಂದರೆ ಬೆಟ್ ಕಟ್ಟದೆ ಸುಮ್ಮನಾದರು. ನಾಲ್ಕನೆಯದು ಇಸ್ಪೀಟ್ ಎಂಟು. ಫರ್ಹಾ 3 ಲಕ್ಷ ಚಿಪ್ಸ್ ಕಟ್ಟಿದರು. ಮನಿಮೇಕರ್ ಅದನ್ನು 8 ಲಕ್ಷಕ್ಕೆ ಏರಿಸಿದರು. ಫರ್ಹಾ ಕಾಲ್ ಮಾಡಿದರು, ಅಂದರೆ ಅದಕ್ಕೆ ಸಮನಾಗಿ ಚಿಪ್ಸ್ ಕಟ್ಟಿ ಮುಂದುವರಿದರು. ಕೊನೆಯ ಎಲೆ, ರಿವರ್, ಆಟೀನ್ ಮೂರು. ಇಬ್ಬರಿಗೂ ಪ್ರಯೋಜನವಿಲ್ಲದ ಎಲೆ. ಫರ್ಹಾ ಚೆಕ್. ಮನಿಮೇಕರ್ ಆಲ್-ಇನ್, ಅಂದರೆ ಇದ್ದ ಎಲ್ಲ ಚಿಪ್ಸ್ ಕಟ್ಟಿದರು. ಅವರ ಕೈಯಲ್ಲಿ ಒಂದು ಜೋಡಿಯೂ ಇರಲಿಲ್ಲ.

ಈಗ ಫರ್ಹಾ ಕುರ್ಚಿಯಲ್ಲಿ ಕೂತು ಯೋಚಿಸಿ. ನಮ್ಮನ್ನು ಸೋಲಿಸುವ ಎಲೆಗಳು ಯಾವುವು? ಮೊದಲು ಫ್ಲಶ್, ಅಂದರೆ ಒಂದೇ ಗುರುತಿನ ಐದು ಎಲೆ. ಮೂರು ಇಸ್ಪೀಟ್ ಟೇಬಲ್ ಮೇಲಿವೆ, ಒಂದು ನಮ್ಮ ಕೈಯಲ್ಲೇ ಇದೆ. ಉಳಿದವು ಒಂಬತ್ತು. ಅವುಗಳಲ್ಲಿ ಎರಡೆರಡನ್ನು ಕೂಡಿಸಿದರೆ 36 ಜೋಡಿ. ರಾಣಿ ನಮ್ಮ ಹತ್ತಿರ ಇಲ್ಲದಿದ್ದರೆ 45 ಆಗುತ್ತಿತ್ತು. ನಮ್ಮ ಕೈಯ ಒಂದೇ ಎಲೆ ಅವರ ಒಂಬತ್ತು ಫ್ಲಶ್‌ಗಳನ್ನು ಅಳಿಸಿ ಹಾಕಿದೆ. ಬ್ಲಾಕರ್ ಅನ್ನುವುದು ಇದಕ್ಕೇ. ಆ 36ರಲ್ಲೂ ಎಷ್ಟೋ ಜೋಡಿಗಳನ್ನು ಯಾರೂ ಆಡುವುದೇ ಇಲ್ಲ. ಆಮೇಲೆ ಸ್ಟ್ರೈಟ್, ಅಂದರೆ ಸಾಲಾಗಿ ಬರುವ ಐದು ಎಲೆ: ಹತ್ತು-ಏಳು 16 ಬಗೆ, ಏಳು-ಐದು 16 ಬಗೆ, ಐದು-ನಾಲ್ಕು 16 ಬಗೆ. ಎರಡು ಜೋಡಿ, ಒಂದೇ ಅಂಕಿಯ ಮೂರೆಲೆ ಇದ್ದರೆ? ಎರಡು ಇಸ್ಪೀಟ್ ಬಿದ್ದಿರುವ ಫ್ಲಾಪ್‌ನಲ್ಲಿ ಅಷ್ಟು ಒಳ್ಳೆಯ ಕೈ ಇಟ್ಟುಕೊಂಡು ಸುಮ್ಮನಿರುವವರು ಕಡಿಮೆ. ಫ್ಲಾಪ್‌ನಲ್ಲಿ ಅವರು ಮಾಡಿದ ಚೆಕ್ ಇಲ್ಲಿ ಉಪಯೋಗಕ್ಕೆ ಬರುತ್ತದೆ.

ಇನ್ನೊಂದು ಕಡೆ, ಅವರು ಬ್ಲಫ್ ಮಾಡುತ್ತಿರಬಹುದಾದ ಎಲೆಗಳನ್ನು ನೋಡಿ. ಇಸ್ಪೀಟ್ ಎಕ್ಕ ಒಂಟಿಯಾಗಿದ್ದು, ಜೊತೆಗಿರುವುದು ಇಸ್ಪೀಟ್ ಅಲ್ಲದ ಎಲೆಯಾದರೆ ಅಂಥವು 36 ಬಗೆ. ಇಸ್ಪೀಟ್ ರಾಜನಿಗೂ 36. ಇವೆಲ್ಲವನ್ನೂ ಯಾರೂ ಹೀಗೆ ಆಡುವುದಿಲ್ಲ, ನಿಜ. ಆದರೂ ಇಸ್ಪೀಟ್ ಎಂಟು ಬಿದ್ದಾಗ ಏರಿಸಲು ಇವು ಹೇಳಿ ಮಾಡಿಸಿದ ಎಲೆಗಳು. ಇನ್ನೊಂದು ಇಸ್ಪೀಟ್ ಬಂದರೆ ಗೆಲುವು, ಬರದಿದ್ದರೆ ಬ್ಲಫ್.

ಫರ್ಹಾಗೆ ಇದು ಹೊಳೆದಿತ್ತು. ಫ್ಲಶ್ ಮಿಸ್ ಆಗಿರಬೇಕು ಅಲ್ವಾ ಎಂದು ಅವರು ಮನಿಮೇಕರ್‌ಗೆ ನೇರವಾಗಿಯೇ ಹೇಳಿದರು. ಹೇಳಿ ಮುಖ ನೋಡುತ್ತ ಕೂತರು. ತಂಪು ಕನ್ನಡಕದ ಹಿಂದಿನಿಂದ ಏನೂ ಬರಲಿಲ್ಲ. ಫರ್ಹಾ ಎಲೆ ಬಿಟ್ಟು ಆ ಸುತ್ತಿನಿಂದ ಹಿಂದೆ ಸರಿದರು. ಅಷ್ಟು ಸರಿಯಾಗಿ ಓದಿದ ಮೇಲೆ ಆ ಓದನ್ನು ನಂಬಬೇಕಿತ್ತು ಎಂಬುದು ನನ್ನ ಅಭಿಪ್ರಾಯ. ಉತ್ತರ ಬೆಟ್‌ಗಳಲ್ಲಿ ಇತ್ತು, ಅವರು ಅದನ್ನು ಮುಖದಲ್ಲಿ ಹುಡುಕಿದರು. ಗುಟ್ಟಿನ ಎಲೆ ತೋರಿಸುವ ಕ್ಯಾಮೆರಾ ಇದ್ದದ್ದರಿಂದ ಟಿವಿ ನೋಡಿದವರಿಗೆಲ್ಲ ಈ ಬ್ಲಫ್ ಕಂಡಿತು. ಸ್ವಲ್ಪ ಹೊತ್ತಿನಲ್ಲೇ ಮನಿಮೇಕರ್ ಟೂರ್ನಿ ಗೆದ್ದರು.

ಮನಿಮೇಕರ್ ಕಡೆಯಿಂದಲೂ ನೋಡೋಣ. ಇದು ಕಣ್ಣು ಮುಚ್ಚಿ ಮಾಡಿದ ಧೈರ್ಯವಲ್ಲ. ಅವರ ಬೆಟ್‌ಗಳು ಒಂದೇ ಕತೆ ಹೇಳಿದವು: ಮೂರನೇ ಇಸ್ಪೀಟ್ ಬಿತ್ತು, ನಾನು ಏರಿಸಿದೆ, ಈಗ ಎಲ್ಲವನ್ನೂ ಕಟ್ಟುತ್ತಿದ್ದೇನೆ. ನಿಜವಾದ ಫ್ಲಶ್ ಇದ್ದವರೂ ಹೀಗೆಯೇ ಆಡುತ್ತಾರೆ. ನಾಲ್ಕನೇ ಎಲೆಯಲ್ಲಿ ಏರಿಸಿದಾಗ ಅವರಿಗೆ ಗೆಲ್ಲುವ ದಾರಿಯೂ ಇತ್ತು. ಇಸ್ಪೀಟ್ ಬಂದರೆ ಫ್ಲಶ್, ಐದೋ ಹತ್ತೋ ಬಂದರೆ ಸ್ಟ್ರೈಟ್. ಕೊನೆಗೆ ಆಟೀನ್ ಮೂರು ಬಿದ್ದ ಮೇಲೆ ಉಳಿದದ್ದು ಬರೀ ರಾಜ. ಎಲೆ ತೋರಿಸಿ ಗೆಲ್ಲುವ ಆಸೆ ಇಲ್ಲವೇ ಇಲ್ಲ. ಬ್ಲಫ್ ಮಾಡಬೇಕಾದದ್ದು ಇಂಥ ಎಲೆಯಲ್ಲೇ. ಗಣಿತಜ್ಞ ಜಾನ್ ವಾನ್ ನಾಯ್ಮನ್ ಕಳೆದ ಶತಮಾನದ ಮೊದಲರ್ಧದಲ್ಲೇ ಪೋಕರ್‌ನ ಒಂದು ಸರಳ ಮಾದರಿ ಇಟ್ಟುಕೊಂಡು ಇದನ್ನು ತೋರಿಸಿದ್ದರು. ಬ್ಲಫ್ ತೀರ ಕೆಟ್ಟ ಎಲೆಯಲ್ಲಿ ಇರಲಿ, ನಡುಮಟ್ಟದ ಎಲೆಯಲ್ಲಿ ಚೆಕ್ ಮಾಡಿ. ನಡುಮಟ್ಟದ್ದು ಚೆಕ್ ಮಾಡಿಯೂ ಕೆಲವು ಸಲ ಗೆಲ್ಲುತ್ತದೆ. ಅದನ್ನು ಬ್ಲಫ್ ಮಾಡಿ ಹಾಳು ಮಾಡುವವರನ್ನು ನಾನು ಪ್ರತಿ ವಾರ ನೋಡುತ್ತೇನೆ.

ಎಷ್ಟು ಕಟ್ಟಬೇಕು ಎಂಬುದಕ್ಕೆ ಲೆಕ್ಕ ಸುಲಭ. ಪಾಟ್‌ನಲ್ಲಿ, ಅಂದರೆ ಈವರೆಗೆ ಎಲ್ಲರೂ ಕಟ್ಟಿದ ಮೊತ್ತದಲ್ಲಿ, 1,000 ಚಿಪ್ಸ್ ಇದೆ, ನೀವು 1,000 ಕಟ್ಟಿ ಬ್ಲಫ್ ಮಾಡುತ್ತೀರಿ. ಎರಡಕ್ಕೆ ಒಂದು ಸಲಕ್ಕಿಂತ ಜಾಸ್ತಿ ಅವರು ಬಿಟ್ಟರೆ ನಿಮಗೆ ಲಾಭ. 500 ಕಟ್ಟಿದರೆ ಮೂರಕ್ಕೆ ಒಂದು ಸಲಕ್ಕಿಂತ ಜಾಸ್ತಿ ಬಿಟ್ಟರೆ ಸಾಕು. ಕಾಲ್ ಮಾಡುವವರ ಲೆಕ್ಕ ಬೇರೆ. 1,000 ಹಾಕಿ 2,000 ಗೆಲ್ಲಬೇಕು. ಮೂರರಲ್ಲಿ ಒಂದು ಸಲ ಸರಿಯಾಗಿದ್ದರೆ ನಷ್ಟವಿಲ್ಲ. ಹಾಗಾಗಿ ಪಾಟ್‌ನಷ್ಟೇ ಬೆಟ್ ಕಟ್ಟುವವರು ಎರಡು ಒಳ್ಳೆ ಕೈಗೆ ಒಂದು ಬ್ಲಫ್ ಇಟ್ಟರೆ ಎದುರಿನವರು ಏನು ಮಾಡಿದರೂ ಒಂದೇ. ಅರ್ಧ ಪಾಟ್ ಕಟ್ಟಿದರೆ ಮೂರು ಒಳ್ಳೆ ಕೈಗೆ ಒಂದು ಬ್ಲಫ್.

ಇದಕ್ಕೆ ಮುಖ ಬೇಡ ಎನ್ನುವುದಕ್ಕೆ ಲಿಬ್ರೇಟಸ್ ಸಾಕ್ಷಿ. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಈ ಪ್ರೋಗ್ರಾಂ 2017ರಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ನಾಲ್ವರು ವೃತ್ತಿಪರರ ವಿರುದ್ಧ 1,20,000 ಕೈ ಆಡಿ ಗೆದ್ದಿತು. ಅದಕ್ಕೆ ಕಣ್ಣಿಲ್ಲ. ಯಾರ ಮುಖವನ್ನೂ ಅದು ನೋಡಿಲ್ಲ. ಆದರೂ ಬ್ಲಫ್ ಮಾಡಿತು, ಪಾಟ್‌ಗಿಂತ ದೊಡ್ಡ ಬೆಟ್‌ಗಳನ್ನೂ ಕಟ್ಟಿತು.

ಈ ಲೆಕ್ಕ ಎಲ್ಲರ ಮೇಲೂ ನಡೆಯುವುದಿಲ್ಲ. ಮನೆಯಲ್ಲಿ ಗೆಳೆಯರು ಸೇರಿ ಆಡುವಾಗ ‘ನೋಡೇ ಬಿಡೋಣ’ ಎಂದು ಕಾಲ್ ಮಾಡುವ ಒಬ್ಬರು ಇದ್ದೇ ಇರುತ್ತಾರೆ. ಅವರ ಮೇಲೆ ಬ್ಲಫ್ ಮಾಡಬೇಡಿ. ಒಳ್ಳೆ ಎಲೆ ಬಂದಾಗ ದೊಡ್ಡದಾಗಿ ಕಟ್ಟಿ. ನಿಮ್ಮ ಕತೆ ಕೇಳುವವರ ಮುಂದೆ ಮಾತ್ರ ಕತೆ ಹೇಳಿ.

ಅಭ್ಯಾಸಕ್ಕೆ ಹಣ ಬೇಕಿಲ್ಲ. 2025ರ ಆಗಸ್ಟ್‌ನಲ್ಲಿ ಬಂದ ಕೇಂದ್ರದ ಕಾಯ್ದೆ ಹಣ ಇಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದೆ, ಪೋಕರ್ ಕೂಡ ಅದರಲ್ಲಿ ಸೇರಿದೆ. ಬರೀ ಚಿಪ್ಸ್ ಇಟ್ಟುಕೊಂಡು ಮನೆಯಲ್ಲೇ ಆಡಿ. ನೀವು ಎಲೆ ಬಿಟ್ಟ ಮೇಲೆ ಫೋನ್ ಎತ್ತಿಕೊಳ್ಳಬೇಡಿ. ಉಳಿದ ಇಬ್ಬರ ಬೆಟ್ ನೋಡುತ್ತ ಹೋಗಿ. ಪ್ರತಿ ಎಲೆ ಬಿದ್ದಾಗಲೂ ಯಾವ ಕೈಗಳು ಹೋದವು, ಯಾವುವು ಉಳಿದವು ಎಂದು ಚೀಟಿಯಲ್ಲಿ ಬರೆದುಕೊಳ್ಳಿ. ಕೊನೆಗೆ ಅವರು ಎಲೆ ತೋರಿಸಿದಾಗ ಚೀಟಿ ತೆರೆದು ನೋಡಿ. ಊಹೆ ತಪ್ಪಿದ್ದರೆ ಯಾವ ಬೆಟ್‌ನಲ್ಲಿ ದಾರಿ ತಪ್ಪಿತು ಎಂದು ಹಿಂದಕ್ಕೆ ಹೋಗಿ ಹುಡುಕಿ.