ಅನುಪಾಲನಾ ವರದಿ ಕೇಳುವವರು ಯಾರು?

ಹಾಸನದ ನಮ್ಮ ಗೆಳೆಯರ ಬಳಗದಲ್ಲಿ ಹೋದ ತಿಂಗಳು ಒಂದು ಮಾತು ಬಂತು. ಜಿಲ್ಲೆಯ ವರ್ಷದ ಅತ್ಯುತ್ತಮ ರಾಜಕಾರಣಿಯನ್ನು ನಾವೇ ಆರಿಸಿ ಸನ್ಮಾನ ಮಾಡೋಣ ಅಂತ. ಆಯ್ಕೆ ಸಮಿತಿಗೆ ನನ್ನನ್ನೂ ಕರೆದರು. ಪಂಚಾಯತ್ ಕಚೇರಿಗಳಲ್ಲಿ ಇಪ್ಪತ್ತಾರು ವರ್ಷ ಕೆಲಸ ಮಾಡಿ ನಿವೃತ್ತನಾದವನು ನಾನು. ಅದರಲ್ಲಿ ಜಾಸ್ತಿ ಕಾಲ ಸಭೆಗಳ ನಡವಳಿ ಬರೆಯುವುದೇ ನನ್ನ ಕೆಲಸವಾಗಿತ್ತು. ರಾಜಕಾರಣಿಗಳು ವೇದಿಕೆ ಮೇಲೆ ಏನು ಮಾತಾಡುತ್ತಾರೆ ಅಂತ ಊರಿಗೆಲ್ಲ ಗೊತ್ತು. ಸಭೆಯ ಮೇಜಿನ ಮುಂದೆ ಕೂತಾಗ ಏನು ಕೇಳುತ್ತಾರೆ ಅನ್ನುವುದನ್ನು ನಾನು ಹತ್ತಿರದಿಂದ ನೋಡಿದ್ದೇನೆ.

ಮೊದಲ ದಿನವೇ ಹತ್ತು ನಿಮಿಷದಲ್ಲಿ ಏಳು ಹೆಸರು ಬಂದವು. ಯಾಕೆ ಈ ಹೆಸರು ಅಂತ ಕೇಳಿದೆ. "ತುಂಬಾ ಓಡಾಡ್ತಾರೆ ಸಾರ್, ಮದುವೆ, ತಿಥಿ ಯಾವುದನ್ನೂ ಬಿಡಲ್ಲ" ಎಂದರು ಒಬ್ಬರು. ಇದನ್ನು ನಾನು ಹಗುರವಾಗಿ ನೋಡುವುದಿಲ್ಲ. ನಮ್ಮ ಕಡೆ ಸಾವಿನ ಮನೆಗೆ ಬಂದು ಐದು ನಿಮಿಷ ಕೂತು ಹೋದವರನ್ನು ಜನ ಮರೆಯುವುದಿಲ್ಲ, ಮರೆಯಬಾರದು ಕೂಡ. ಆದರೆ ಅದು ಒಳ್ಳೆಯ ಮನುಷ್ಯನ ಗುರುತು. ಜನ ಓಟು ಹಾಕಿ ಕೊಟ್ಟ ಕೆಲಸದ ಲೆಕ್ಕ ಬೇರೆಯೇ ಇದೆ.

ಸುದ್ದಿಯಲ್ಲಿ ಇರುವುದೂ ಬೇರೆ ಲೆಕ್ಕ. ಟೈಮ್ ಪತ್ರಿಕೆ 1927ರಿಂದ ವರ್ಷದ ವ್ಯಕ್ತಿಯನ್ನು ಆರಿಸುತ್ತಿದೆ. ಅಲ್ಲಿ ಅಳತೆಗೋಲು ಪ್ರಭಾವ ಮಾತ್ರ, ಅದು ಒಳ್ಳೆಯದಾದರೂ ಸರಿ, ಕೆಟ್ಟದಾದರೂ ಸರಿ. ಹಾಗಾಗಿಯೇ 1930ರಲ್ಲಿ ಗಾಂಧೀಜಿ ಬಂದ ಪಟ್ಟಿಯಲ್ಲಿ 1938ಕ್ಕೆ ಹಿಟ್ಲರ್ ಇದ್ದಾನೆ. ನಮ್ಮ ಪಕ್ಕದ ಚಿಕ್ಕಮಗಳೂರನ್ನೇ ತೆಗೆದುಕೊಳ್ಳಿ. 1978ರಲ್ಲಿ ಅಲ್ಲಿ ಇಂಥ ಆಯ್ಕೆ ನಡೆದಿದ್ದರೆ ಒಂದೇ ಹೆಸರು ಬರುತ್ತಿತ್ತು. ಡಿ.ಬಿ. ಚಂದ್ರೇಗೌಡರು ತಮ್ಮ ಲೋಕಸಭಾ ಸ್ಥಾನ ಬಿಟ್ಟುಕೊಟ್ಟರು. ನವೆಂಬರ್ ಉಪಚುನಾವಣೆಯಲ್ಲಿ ಇಂದಿರಾ ಗಾಂಧಿ ವೀರೇಂದ್ರ ಪಾಟೀಲರನ್ನು ಸೋಲಿಸಿದರು. ದೇಶವೆಲ್ಲ ಚಿಕ್ಕಮಗಳೂರಿನ ಕಡೆ ನೋಡಿತು. ಡಿಸೆಂಬರ್‌ನಲ್ಲಿ ಹಕ್ಕುಚ್ಯುತಿಯ ಕಾರಣ ಕೊಟ್ಟು ಲೋಕಸಭೆ ಅವರ ಸದಸ್ಯತ್ವ ತೆಗೆಯಿತು. ಇತಿಹಾಸದಲ್ಲಿ ಅದು ದೊಡ್ಡ ವರ್ಷ. ಕ್ಷೇತ್ರದ ರೈತನಿಗೆ ಮಾತ್ರ ಅರ್ಜಿ ಹಿಡಿದುಕೊಂಡು ಹೋಗಲು ಸಂಸದರೇ ಇಲ್ಲದ ವರ್ಷಾಂತ್ಯ.

ಹಾಗಾದರೆ ಏನನ್ನು ಅಳೆಯಬೇಕು? ನನ್ನ ಉತ್ತರ ಕೆಡಿಪಿ ಸಭೆಯಲ್ಲಿದೆ. ಕರ್ನಾಟಕ ಅಭಿವೃದ್ಧಿ ಕಾರ್ಯಕ್ರಮದ ಪರಿಶೀಲನಾ ಸಭೆಗೆ ಎಲ್ಲರೂ ಕೆಡಿಪಿ ಅಂತಲೇ ಹೇಳುವುದು. ತಾಲ್ಲೂಕು ಮಟ್ಟದಲ್ಲಿ ಶಾಸಕರು ಅಧ್ಯಕ್ಷರು. ಜಿಲ್ಲಾ ಮಟ್ಟದ ತ್ರೈಮಾಸಿಕ ಸಭೆಗೆ ಉಸ್ತುವಾರಿ ಸಚಿವರು. ಕೃಷಿ, ಆರೋಗ್ಯ, ಶಿಕ್ಷಣ, ವಿದ್ಯುತ್, ಕುಡಿಯುವ ನೀರು ಹೀಗೆ ಎಲ್ಲ ಇಲಾಖೆಯವರೂ ಒಂದೇ ಕೋಣೆಯಲ್ಲಿ ಸಿಗುವುದು ಆ ದಿನ ಮಾತ್ರ. ಕಾರ್ಯಸೂಚಿಯಲ್ಲಿ ಮೊದಲ ವಿಷಯ ಯಾವಾಗಲೂ ಒಂದೇ: ಹಿಂದಿನ ಸಭೆಯ ನಡವಳಿಗೆ ಅನುಪಾಲನಾ ವರದಿ. ಅಂದರೆ ಹೋದ ಸಲ ಮಾಡುತ್ತೇವೆ ಅಂದಿದ್ದನ್ನು ಮಾಡಿದ್ದೀರಾ ಅನ್ನುವುದರ ಲೆಕ್ಕ.

ಆ ವರದಿಯ ಭಾಷೆ ನನಗೆ ಬಾಯಿಪಾಠ. 'ಕ್ರಮ ವಹಿಸಲಾಗುತ್ತಿದೆ.' 'ಪ್ರಗತಿಯಲ್ಲಿದೆ.' 'ಮೇಲಧಿಕಾರಿಗಳಿಗೆ ಪತ್ರ ಬರೆಯಲಾಗಿದೆ.' ಹೆಚ್ಚಿನ ಸಭೆಗಳಲ್ಲಿ ಅಧ್ಯಕ್ಷರು ಆ ಪುಟಗಳನ್ನು ತಿರುವಿ ಹಾಕಿ ಮುಂದಿನ ವಿಷಯಕ್ಕೆ ಹೋಗುತ್ತಿದ್ದರು. ಆಮೇಲೆ ಯಾರಾದರೂ ಒಬ್ಬ ಇಂಜಿನಿಯರ್ ಸಿಕ್ಕಿ ಎಲ್ಲರೆದುರು ಬೈಸಿಕೊಳ್ಳುತ್ತಿದ್ದರು. ಮಾರನೇ ದಿನ ಪತ್ರಿಕೆಯಲ್ಲಿ 'ಅಧಿಕಾರಿಗಳಿಗೆ ಶಾಸಕರ ತರಾಟೆ' ಅಂತ ಬರುತ್ತಿತ್ತು. ಓದಿದವರಿಗೆ ಖುಷಿಯಾಗುತ್ತಿತ್ತು. ಬೈಸಿಕೊಂಡವರಿಗೂ ಅಷ್ಟೇನೂ ಬೇಜಾರಿರುತ್ತಿರಲಿಲ್ಲ, ಯಾಕೆಂದರೆ ಮೂರು ತಿಂಗಳ ನಂತರ ಅದನ್ನು ಯಾರೂ ಕೇಳುವುದಿಲ್ಲ ಅಂತ ಅವರಿಗೆ ಗೊತ್ತಿತ್ತು.

ಒಬ್ಬ ಶಾಸಕರು ಮಾತ್ರ ಬೇರೆ ಥರ ಇದ್ದರು. ಹೆಸರು ಬೇಡ. ಅವರು ಸಭೆಗೆ ಒಂದು ನೋಟ್‌ಬುಕ್ ತರುತ್ತಿದ್ದರು. ಮಕ್ಕಳು ಶಾಲೆಗೆ ತರುವಂಥ ಇನ್ನೂರು ಪುಟದ ಪುಸ್ತಕ. ದನಿ ಏರಿಸಿದ್ದನ್ನು ನಾನು ನೋಡಲೇ ಇಲ್ಲ. "ಹೋದ ಸಭೆಯಲ್ಲಿ ಎರಡು ವಾರದೊಳಗೆ ಟ್ರಾನ್ಸ್‌ಫಾರ್ಮರ್ ಹಾಕ್ತೀವಿ ಅಂದಿದ್ರಿ. ಹಾಕಿದ್ರಾ?" ಎಂದು ಕೇಳುತ್ತಿದ್ದರು.

"ಪ್ರಗತಿಯಲ್ಲಿದೆ ಸಾರ್."

"ಕಂಬ ನಿಂತಿದ್ಯಾ ಇಲ್ವಾ, ಅಷ್ಟು ಹೇಳಿ."

ಇಲ್ಲ ಅಂದರೆ ಯಾಕಿಲ್ಲ ಅಂತ ಕೇಳಿ ಬರೆದುಕೊಳ್ಳುತ್ತಿದ್ದರು. ದುಡ್ಡಿಲ್ಲವೋ, ಜಾಗದ ತಕರಾರೋ, ಗುತ್ತಿಗೆದಾರ ಬರಲಿಲ್ಲವೋ. ಜಾಗದ ತಕರಾರಾದರೆ ಅಲ್ಲೇ ಕೂತ ತಹಶೀಲ್ದಾರರ ಕಡೆ ತಿರುಗಿ ದಿನಾಂಕ ಕೇಳುತ್ತಿದ್ದರು. ಆ ದಿನಾಂಕವೂ ನೋಟ್‌ಬುಕ್ಕಿಗೆ ಹೋಗುತ್ತಿತ್ತು. ಅವರ ಸಭೆ ಇದೆ ಅಂದರೆ ಒಂದು ವಾರ ಮೊದಲೇ ಕಚೇರಿಗಳಲ್ಲಿ ಕಡತ ಓಡುತ್ತಿದ್ದವು. ಸಭೆಯ ಹಿಂದಿನ ದಿನ ಕಂಬ ನಿಂತಿದ್ದೂ ಉಂಟು. ಪತ್ರಿಕೆಯಲ್ಲಿ ಅವರ ಹೆಸರು ಅಷ್ಟಾಗಿ ಬರಲಿಲ್ಲ. ನನ್ನ ಪ್ರಕಾರ ನಾನು ಕಂಡ ಅತ್ಯುತ್ತಮ ರಾಜಕಾರಣಿ ಅವರೇ.

ಸದನದ ಪ್ರಶ್ನೆಗಳನ್ನೂ ಇದೇ ಕಣ್ಣಿನಿಂದ ಓದಬೇಕು. ವಿಧಾನಸಭೆಯ ಪ್ರಶ್ನೋತ್ತರಗಳು ಜಾಲತಾಣದಲ್ಲೇ ಸಿಗುತ್ತವೆ, ಯಾರು ಬೇಕಾದರೂ ನೋಡಬಹುದು. ನಮ್ಮ ಸಮಿತಿಯಲ್ಲಿ ಒಬ್ಬರು "ಯಾರು ಎಷ್ಟು ಪ್ರಶ್ನೆ ಕೇಳಿದ್ದಾರೆ ಅಂತ ಎಣಿಸೋಣ" ಎಂದರು. ಎಣಿಸಿದರೆ ಸಾಲದು. ನಮ್ಮ ಕಡೆಯ ಕಾಡಾನೆ ವಿಷಯವನ್ನೇ ನೋಡಿ. 'ಕಾಡಾನೆ ಹಾವಳಿ ಹೆಚ್ಚಾಗಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ?' ಅಂತ ಕೇಳಿದರೆ 'ಬಂದಿದೆ' ಅಂತ ಉತ್ತರ ಬರುತ್ತದೆ. ಅಲ್ಲಿಗೆ ಮುಗಿಯಿತು. ಸಕಲೇಶಪುರ, ಆಲೂರು, ಬೇಲೂರಿನ ಬೆಳೆಗಾರನಿಗೆ ಅದರಿಂದ ಏನು ಸಿಕ್ಕಿತು? ಯಾವ ತಾಲ್ಲೂಕಿನಲ್ಲಿ ಬೆಳೆ ಪರಿಹಾರದ ಎಷ್ಟು ಅರ್ಜಿ ಬಾಕಿ ಇದೆ, ಎಷ್ಟು ತಿಂಗಳಿಂದ, ಯಾವ ಹಂತದಲ್ಲಿ ನಿಂತಿದೆ, ಆನೆ ತಡೆಯಲು ರೈಲ್ವೆ ಹಳಿಗಳನ್ನೇ ನೆಟ್ಟು ಹಾಕುವ ಬೇಲಿ ಎಷ್ಟು ಕಿಲೋಮೀಟರ್ ಆಗಿದೆ ಅಂತ ಕೇಳಿದರೆ ಇಲಾಖೆ ಅಂಕಿ ಕೊಡಲೇಬೇಕು. ಒಮ್ಮೆ ಲಿಖಿತವಾಗಿ ಬಂದ ಅಂಕಿಯನ್ನು ಮುಂದಿನ ಅಧಿವೇಶನದಲ್ಲಿ ಹಿಡಿದು ಕೇಳಬಹುದು. ಸರ್ಕಾರದ ಉತ್ತರದಲ್ಲಿ 'ಪರಿಶೀಲನೆಯಲ್ಲಿದೆ' ಅಂತ ಬಂದ ಮೇಲೆ ಅದೇ ಸದಸ್ಯರು ಅದೇ ವಿಷಯಕ್ಕೆ ಮತ್ತೆ ಬಂದಿದ್ದಾರಾ? ನಾನು ಹುಡುಕುವುದು ಅದನ್ನು. ನೂರು ಪ್ರಶ್ನೆ ಕೇಳಿದವರಿಗಿಂತ ಒಂದೇ ಪ್ರಶ್ನೆಯನ್ನು ಮೂರು ಸಲ ಕೇಳಿದವರು ನನಗೆ ಮೇಲು.

ಇಲ್ಲೊಂದು ಎಚ್ಚರ ಬೇಕು. ಸಚಿವರು ಪ್ರಶ್ನೆ ಕೇಳುವುದಿಲ್ಲ, ಉತ್ತರ ಕೊಡುತ್ತಾರೆ. ಸಂಸತ್ತಿನಲ್ಲಿ ಸಚಿವರು ಹಾಜರಿ ಪುಸ್ತಕಕ್ಕೆ ಸಹಿಯನ್ನೂ ಹಾಕುವುದಿಲ್ಲ. ಹಾಗಾಗಿ ಸಚಿವರನ್ನೂ ಬರೀ ಸದಸ್ಯರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ತಪ್ಪು.

ಯಾರೂ ಮಾತಾಡದ ಇನ್ನೊಂದು ಜಾಗ ಬಗರ್ ಹುಕುಂ ಸಮಿತಿ. ಸರ್ಕಾರಿ ಜಮೀನಿನಲ್ಲಿ ಉಳುಮೆ ಮಾಡಿಕೊಂಡು ಬಂದವರು ನಮೂನೆ 50, 53, 57ರಲ್ಲಿ ಅರ್ಜಿ ಹಾಕಿದ್ದಾರೆ. ಅವುಗಳನ್ನು ನೋಡುವ ಸಮಿತಿಗೆ ಸಾಮಾನ್ಯವಾಗಿ ಆ ಕ್ಷೇತ್ರದ ಶಾಸಕರೇ ಅಧ್ಯಕ್ಷರು, ತಹಶೀಲ್ದಾರರು ಕಾರ್ಯದರ್ಶಿ. ಸಭೆ ಕರೆಯದಿದ್ದರೆ ಯಾರೂ ಬೀದಿಗಿಳಿಯುವುದಿಲ್ಲ, ಸುದ್ದಿಯೂ ಆಗುವುದಿಲ್ಲ. ಅರ್ಜಿ ಸುಮ್ನೆ ಅಲ್ಲೇ ಇರುತ್ತದೆ. ಅಜ್ಜ ಹಾಕಿದ ಅರ್ಜಿಯ ರಸೀದಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಕೊಂಡು ಮೊಮ್ಮಗ ಕಚೇರಿಗೆ ಬಂದದ್ದನ್ನು ನಾನು ನೋಡಿದ್ದೇನೆ. "ಅಣ್ಣ, ಇದು ಇನ್ನೂ ನಡೀತದಾ?" ಅಂತ ಕೇಳಿದ್ದ. ನನ್ನ ಬಳಿ ಉತ್ತರ ಇರಲಿಲ್ಲ. ವರ್ಷದಲ್ಲಿ ಆ ಸಮಿತಿ ಎಷ್ಟು ಸಲ ಸೇರಿತು, ಎಷ್ಟು ಅರ್ಜಿಗೆ ಹೌದು ಅಥವಾ ಇಲ್ಲ ಅಂತ ಹೇಳಿತು, ಎಷ್ಟು ಜನರ ಕೈಗೆ ಸಾಗುವಳಿ ಚೀಟಿ, ಅಂದರೆ ಜಮೀನು ಮಂಜೂರಾದ ಪತ್ರ, ಹೋಯಿತು? ಶಾಸಕರೊಬ್ಬರ ವರ್ಷ ಹೇಗಿತ್ತು ಅಂತ ತಿಳಿಯಲು ಇದಕ್ಕಿಂತ ನೇರವಾದ ಲೆಕ್ಕ ನನಗೆ ಗೊತ್ತಿಲ್ಲ.

ಅನುದಾನದ ಲೆಕ್ಕ ಸುಲಭ. ಸಂಸದರಿಗೆ ಕ್ಷೇತ್ರಾಭಿವೃದ್ಧಿಗೆ ವರ್ಷಕ್ಕೆ 5 ಕೋಟಿ ರೂಪಾಯಿ, ನಮ್ಮ ಶಾಸಕರಿಗೆ 2 ಕೋಟಿ. ಸಂಸದರ ನಿಧಿಯಲ್ಲಿ ಶೇ 15 ಪರಿಶಿಷ್ಟ ಜಾತಿಯವರು ಇರುವ ಕಡೆಗೆ, ಶೇ 7.5 ಪರಿಶಿಷ್ಟ ಪಂಗಡದವರು ಇರುವ ಕಡೆಗೆ ಹೋಗಬೇಕು. ಹೋಗಿದೆಯಾ ಅಂತ ನೋಡಿದರಾಯಿತು. ಲೋಕಾಯುಕ್ತ ಕಾಯ್ದೆ ಪ್ರಕಾರ ಶಾಸಕರು ಪ್ರತಿವರ್ಷ ಜೂನ್ 30ರೊಳಗೆ ಆಸ್ತಿ ವಿವರ ಕೊಡಬೇಕು. ಕೊಡದವರ ಹೆಸರನ್ನು ಪಟ್ಟಿಯಿಂದ ತೆಗೆಯಬೇಕು ಅನ್ನುವುದು ನನ್ನ ಹಟ. ಇದರಲ್ಲಿ ರಾಜಿ ಇಲ್ಲ.

ನಿಜವಾಗಿ ಕಷ್ಟ ಇರುವುದು 'ವರ್ಷದ' ಅನ್ನುವ ಮಾತಿನಲ್ಲಿ. ಹಾಸನದಿಂದ ಶ್ರವಣಬೆಳಗೊಳದ ಮೇಲೆ ಬೆಂಗಳೂರಿಗೆ ಹೋಗುವ ರೈಲು ಮಾರ್ಗ 1996–97ರಲ್ಲಿ ಮಂಜೂರಾಯಿತು. ಹರದನಹಳ್ಳಿಯ ದೇವೇಗೌಡರು ಆಗ ಪ್ರಧಾನಿ. ರೈಲು ಓಡಿದ್ದು 2017ರಲ್ಲಿ. ಕಡೂರು–ಚಿಕ್ಕಮಗಳೂರು ಮಾರ್ಗವೂ ಅದೇ ಕಾಲದ್ದು, ಅಲ್ಲಿ ರೈಲು ಬಂದಿದ್ದು 2013ರಲ್ಲಿ. ಈ ನಡುವೆ ಎಷ್ಟು ಸರ್ಕಾರ, ಎಷ್ಟು ಸಚಿವರು ಬಂದು ಹೋದರು! ಹಸಿರು ಬಾವುಟ ತೋರಿಸಿದವರ ಫೋಟೋ ಉಳಿಯಿತು. ನಡುವಿನ ವರ್ಷಗಳಲ್ಲಿ ಯಾರೋ ಜಮೀನಿನ ತಕರಾರು ಬಿಡಿಸಿದರು, ಯಾರೋ ಬಜೆಟ್ಟಿಗೆ ಮೊದಲು ದೆಹಲಿಗೆ ಹೋಗಿ ಕೂತರು. ಆ ವರ್ಷಗಳಲ್ಲಿ ತೋರಿಸಲು ಅವರ ಕೈಯಲ್ಲಿ ಏನೂ ಇರಲಿಲ್ಲ.

ಮೂಡಿಗೆರೆಯ ಮೋಟಮ್ಮ ಸಚಿವೆಯಾಗಿದ್ದಾಗ 2000ದಲ್ಲಿ ಸ್ತ್ರೀಶಕ್ತಿ ಯೋಜನೆ ಶುರುವಾಯಿತು. ಹಳ್ಳಿಯ ಹೆಂಗಸರು ವಾರ ವಾರ ಸೇರಿ ಉಳಿತಾಯ ಮಾಡುವ ಗುಂಪುಗಳು. ಆ ವರ್ಷ ಸನ್ಮಾನ ಸಮಿತಿ ಕೂತಿದ್ದರೆ, ಚೀಟಿ ಗುಂಪಿನಂಥದ್ದು ಅಂತ ಪಕ್ಕಕ್ಕಿಡುವ ಸಾಧ್ಯತೆಯೇ ಜಾಸ್ತಿ. ಆಮೇಲೆ ಪಂಚಾಯತ್ ಸಭೆಗಳಲ್ಲಿ ಲೆಕ್ಕ ಕೇಳುವ ಹೆಂಗಸರನ್ನು ನಾನು ಕಂಡೆ. ಅವರಲ್ಲಿ ಹಲವರಿಗೆ ಮಾತಾಡುವ ಧೈರ್ಯ ಬಂದಿದ್ದು ಆ ಗುಂಪುಗಳಿಂದ.

ಹಾಗಾಗಿ ಸಮಿತಿಗೆ ನಾನು ಹೇಳಿದ್ದು ಇಷ್ಟು. ಈ ವರ್ಷ ಮುಗಿದ ಕೆಲಸವನ್ನು ಅಳೆಯುವುದು ಬೇಡ, ಈ ವರ್ಷ ಒಂದು ಕೆಲಸ ಎಲ್ಲಿಂದ ಎಲ್ಲಿಗೆ ಸರಿಯಿತು ಅಂತ ನೋಡೋಣ. ನಿಂತಿದ್ದ ಕಡತ ಸರಿದಿದ್ದರೆ, ಸರಿಸಿದವರು ಯಾರು ಅಂತ ಕೇಳೋಣ. ಬಳಗದ ಹಿರಿಯ ಮೇಷ್ಟ್ರು ಒಂದು ಪ್ರಶ್ನೆ ಎತ್ತಿದರು. "ಎಲ್ಲ ಶಾಸಕರ ಹೆಸರೇ ಆಯ್ತಲ್ಲ, ಪಂಚಾಯ್ತಿಯವರು ರಾಜಕಾರಣಿಗಳಲ್ವಾ?" ಎಂದರು. ಸರಿಯಾದ ಮಾತು. ಜಿಲ್ಲಾ, ತಾಲ್ಲೂಕು ಪಂಚಾಯ್ತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಒಂದು ಸಾಲು ಜನಪ್ರತಿನಿಧಿಗಳೇ ಕಾಣೆಯಾದರು. ಆ ಭಾರವೂ ಗ್ರಾಮ ಪಂಚಾಯ್ತಿ ಸದಸ್ಯರ ಮೇಲೆ ಬಿತ್ತು. ನಲ್ಲಿಯಲ್ಲಿ ನೀರು ಬರಲಿಲ್ಲ ಅಂದರೆ ಬೆಳಗ್ಗೆ ಆರಕ್ಕೇ ಅವರ ಮನೆ ಬಾಗಿಲು ಬಡಿಯುತ್ತಾರೆ. ಅವರನ್ನೂ ಪಟ್ಟಿಗೆ ಸೇರಿಸಲು ಒಪ್ಪಿದೆವು.

ಸನ್ಮಾನದ ದಿನಾಂಕ ಮುಂದಕ್ಕೆ ಹಾಕಿದ್ದೇವೆ. ಬೋರ್ಡಿನ ಮೇಲಿದ್ದ ಏಳು ಹೆಸರನ್ನು ಸದ್ಯಕ್ಕೆ ಅಳಿಸಿದ್ದೇವೆ. ಮಾಹಿತಿ ಹಕ್ಕು ಕಾಯ್ದೆಯಡಿ ಹತ್ತು ರೂಪಾಯಿ ಶುಲ್ಕ ಕಟ್ಟಿ ಜಿಲ್ಲೆಯ ಎಂಟೂ ತಾಲ್ಲೂಕುಗಳ ಕೆಡಿಪಿ ನಡವಳಿ, ಅನುಪಾಲನಾ ವರದಿ ಕೇಳಿದ್ದೇವೆ. ಉತ್ತರಕ್ಕೆ 30 ದಿನ ಕಾಲ ಇದೆ. ಮೂರು ತಾಲ್ಲೂಕಿನವು ಬಂದಿವೆ. ಮೇಷ್ಟ್ರು ದಿನಾ ಸಂಜೆ ಒಂದು ಗಂಟೆ ಕೂತು ಓದುತ್ತಿದ್ದಾರೆ. 'ಪ್ರಗತಿಯಲ್ಲಿದೆ' ಅಂತ ಬಂದ ಕಡೆಯೆಲ್ಲ ಪೆನ್ಸಿಲ್ಲಿನಲ್ಲಿ ಗೆರೆ ಎಳೆದು, ಮುಂದಿನ ಸಭೆಯ ಪುಟ ತೆಗೆದು, ಅದನ್ನು ಯಾರಾದರೂ ಮತ್ತೆ ಕೇಳಿದ್ದಾರಾ ಅಂತ ಹುಡುಕುತ್ತಿದ್ದಾರೆ.