ಅಡಿಕೆ ಸುಲಿಯಲು ಕುಳಿತರೆ ಏಳಲಾಗದು: ಇದು ವಯಸ್ಸೇ, ಕಾಯಿಲೆಯೇ?

ಪ್ರಶ್ನೆ: ನಾವು ತೀರ್ಥಹಳ್ಳಿ ಕಡೆಯವರು. ಅಮ್ಮನಿಗೆ 63 ವರ್ಷ; ಸಕ್ಕರೆ ಕಾಯಿಲೆ, ಬಿಪಿ, ಮಂಡಿನೋವು ಮೂರೂ ಇವೆ. ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಮುಂದೆ ಕುಳಿತರೆ ಏಳಲು ಇನ್ನೊಬ್ಬರ ಕೈ ಬೇಕು. ವಯಸ್ಸಿಗೆ ಇದು ಸಹಜವೆಂದು ಬಿಟ್ಟುಬಿಡಬಹುದೇ?

ಉತ್ತರ: ಬಿಡಬಾರದು. ವಯಸ್ಸಿನ ಪಾಲು ಇರುವುದು ನಿಜ. 30 ದಾಟಿದ ಮೇಲೆ ಹತ್ತು ವರ್ಷಕ್ಕೆ ಸುಮಾರು ಶೇ 3ರಿಂದ 8ರಷ್ಟು ಸ್ನಾಯು ಕರಗುತ್ತದೆ, 60ರ ನಂತರ ಅದರ ವೇಗ ಇನ್ನೂ ಹೆಚ್ಚು. ಮುಟ್ಟು ನಿಂತ ಬಳಿಕ ಈಸ್ಟ್ರೋಜನ್ ಕಡಿಮೆಯಾಗುವುದರಿಂದ ಹೆಂಗಸರ ಮೂಳೆಯೂ ಬೇಗ ಸವೆಯುತ್ತದೆ. ಆದರೆ ಏಳಲು ಕೈ ಬೇಕಾಗುವ ಸ್ಥಿತಿಗೆ ಬಹುಮಟ್ಟಿಗೆ ಕಾರಣ, ಮೂರು ಕಾಯಿಲೆಗಳು ಒಂದಕ್ಕೊಂದು ಕೈಜೋಡಿಸಿರುವುದು.

ಮಂಡಿ ನೋಯುತ್ತದೆಂದು ನಡಿಗೆ ಕಡಿಮೆಯಾದರೆ ತೊಡೆಯ ಮುಂಭಾಗದ ಸ್ನಾಯು ಸೊರಗುತ್ತದೆ. ಅದು ಸೊರಗಿದಷ್ಟೂ ಭಾರವೆಲ್ಲ ಮಂಡಿಯ ಮೇಲೆಯೇ ಬಿದ್ದು ನೋವು ಮತ್ತಷ್ಟು ಹೆಚ್ಚುತ್ತದೆ. ನಡಿಗೆ ನಿಂತರೆ ಸಕ್ಕರೆಯೂ ಹತೋಟಿ ತಪ್ಪುತ್ತದೆ. ಬಹುಕಾಲ ಏರಿದ ಸಕ್ಕರೆ ಪಾದದ ನರಗಳನ್ನು ಮಂಕಾಗಿಸುವುದರಿಂದ, ಮಳೆಗಾಲದ ಅಂಗಳದಲ್ಲಿ ಅಡಿಕೆ ಮರ ಸೀಳಿ ಹಾಸಿದ ದಬ್ಬೆಯ ಮೇಲೆ ಕಾಲಿಟ್ಟಾಗ ದಬ್ಬೆ ಜಾರುತ್ತಿದೆಯೆಂಬುದು ಕಾಲಿಗೆ ತಿಳಿಯುವಷ್ಟರಲ್ಲಿ ಅವರು ಬಿದ್ದಿರುತ್ತಾರೆ. ಬಿಪಿಯ ಕೆಲವು ಮಾತ್ರೆಗಳಿಂದ ಎದ್ದು ನಿಂತಾಗ ತಲೆ ಸುತ್ತುವುದೂ ಉಂಟು.

"ನೀನು ಸುಮ್ಮನೆ ಕೂತಿರಮ್ಮ" ಎಂದು ಮಕ್ಕಳು ಅಕ್ಕರೆಯಿಂದ ಹೇಳುವುದೇ ಇಲ್ಲಿ ಹೆಚ್ಚು ಕೆಡುಕು ಮಾಡುತ್ತದೆಂಬುದು ನನ್ನ ಅಭಿಪ್ರಾಯ. ಎಪ್ಪತ್ತು ದಾಟಿದವರಲ್ಲೂ ಕ್ರಮವಾದ ವ್ಯಾಯಾಮದಿಂದ ಸ್ನಾಯುವಿನ ಬಲ ಮರಳುತ್ತದೆ. ಗೋಡೆಗೆ ಒತ್ತಿಟ್ಟ ಕುರ್ಚಿಯಲ್ಲಿ ಅಮ್ಮನನ್ನು ಕೂರಿಸಿ, ಕೈಗಳನ್ನು ಎದೆಗೆ ಕಟ್ಟಿಕೊಂಡು ಐದು ಸಲ ಎದ್ದು ಕೂರಲು ಹೇಳಿ, ನೀವು ಪಕ್ಕದಲ್ಲೇ ನಿಂತಿರಿ. 15 ಸೆಕೆಂಡಿಗಿಂತ ಹೆಚ್ಚು ಬೇಕಾದರೆ ಕಾಲಿನ ಬಲ ಕುಂದಿದೆಯೆಂದೇ ಅರ್ಥ. ಅದೇ ಏಳುವ-ಕೂರುವ ಕ್ರಿಯೆಯನ್ನು, ಮೊದಮೊದಲು ಕೈ ಊರಿಕೊಂಡಾದರೂ, ದಿನವೂ ಮಾಡಿಸಿದರೆ ಅದೇ ಒಳ್ಳೆಯ ವ್ಯಾಯಾಮ. ಸುಲಿತ ನಿಲ್ಲಿಸಬೇಕಾಗಿಲ್ಲ, ಎತ್ತರದ ಆಸನ ಮಾಡಿಕೊಟ್ಟು, ನಡುನಡುವೆ ಎದ್ದು ಓಡಾಡುವಂತೆ ನೋಡಿಕೊಳ್ಳಿ.

ಊಟದ ಮಾತೂ ಇದೆ. ಮನೆಮಂದಿಗೆಲ್ಲ ಬಡಿಸಿ ಕೊನೆಗೆ ಕೂರುವವರ ತಟ್ಟೆಯಲ್ಲಿ ಅನ್ನ, ತಂಬುಳಿ ಉಳಿದಿರುತ್ತದೆಯೇ ಹೊರತು ಕಾಳು, ಮೊಟ್ಟೆ ಉಳಿದಿರುವುದಿಲ್ಲ. ಪ್ರೋಟೀನ್ ಹೆಚ್ಚಿಸಬೇಕು; ಆದರೆ ಸಕ್ಕರೆ ಕಾಯಿಲೆ ಇರುವುದರಿಂದ ಮೊದಲು ಮೂತ್ರಪಿಂಡದ ಪರೀಕ್ಷೆಯಾಗಲಿ.

ತಾಲ್ಲೂಕು ಆಸ್ಪತ್ರೆಗೋ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೋ ಹೋಗುವಾಗ ನುಂಗುತ್ತಿರುವ ಮಾತ್ರೆಗಳನ್ನೆಲ್ಲ ಚೀಲದಲ್ಲಿ ಹಾಕಿಕೊಂಡು ಹೋಗಿ, ಕುಳಿತಾಗಲೂ ನಿಂತಾಗಲೂ ಬಿಪಿ ನೋಡಲು ಕೇಳಿ. ರಕ್ತಹೀನತೆ, ಥೈರಾಯ್ಡ್, ಪಾದದ ಸ್ಪರ್ಶ ಪರೀಕ್ಷೆಗಳೂ ಆಗಲಿ. ಒಂದೇ ಬದಿಯ ಕೈಕಾಲು ಇದ್ದಕ್ಕಿದ್ದಂತೆ ಸೋತರೆ ಮಾತ್ರ ಇದಾವುದಕ್ಕೂ ಕಾಯದೆ ತಕ್ಷಣ 108ಕ್ಕೆ ಕರೆ ಮಾಡಿ.